ಶಾಲೆಗೆ ಚರಗ

10 ಡಿಸೆಂಬರ್ 2025, ಬುಧವಾರ

ರೊಟ್ಟಿ ಹದಿನೆಂಟು. ಎಮ್ಮೆ ಹಿಂಡಿದೆ, ಮಗಳು ಸುನಿತಾಳ ಜಡೆ ಹಾಕಿದೆ, ಕುಂದಗೋಳ ಬಸ್ಸು ಹಿಡಿದೆ. ಶಿಕ್ಷಣ ಆಫೀಸಿಗೆ ಇದು ಆರನೆಯ ಸಲ. ಊರ ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷೆ ಆದಮೇಲೆ ಎರಡು ಜೊತೆ ಚಪ್ಪಲಿ ಸವೆದವು.

ಸಾಹೇಬರದು ಅದೇ ರಾಗ. ಅನುದಾನ ಕಡಿತ, ಅತಿಥಿ ಶಿಕ್ಷಕರಿಗೆ ಪಗಾರ ಇಲ್ಲ, ಆದ್ದರಿಂದ ಆರು-ಏಳನೆಯ ತರಗತಿ ಬಂದ್. ಮಕ್ಕಳು ಯರಗುಪ್ಪಿಗೆ ಹೋಗಲಿ. ಐದು ಕಿಲೋಮೀಟರ್, ನಡುವೆ ಹಳ್ಳ. ಸುನಿತಾ ಈಗ ಆರನೆಯದರಲ್ಲಿದ್ದಾಳೆ. ಇಂಥದೇ ಒಂದು ಹಳ್ಳದ ಸಲುವಾಗಿ ನಾನು ಐದನೆಯದಕ್ಕೇ ಶಾಲೆ ಬಿಟ್ಟವಳು. ಇವಳನ್ನು ಬಿಡಿಸಲು ಬಿಡುವುದಿಲ್ಲ.

"ನಿಮ್ಮ ಹಾಜರಿ ಬರೇ ಕಾಗದದಾಗ ಇರತೈತಿ ಬಿಡ್ರಿ," ಅಂದರು. ತಲೆ ಕೆಟ್ಟಿತು.

"ಬಂದು ಎಣಸ್ರಿ ಸಾಹೇಬ್ರ. ಮುಂದಿನ ವಾರ ಶುಕ್ರವಾರ, ಹತ್ತೊಂಬತ್ತಕ್ಕ ಬರ್ರಿ. ಐವತ್ತೆರಡೂ ಹುಡುಗರು ಇರತಾವ. ಒಂದು ಕಮ್ಮಿ ಬಿದ್ರ ನಾನಾ ಸಾಲಿಗೆ ಕೀಲಿ ಹಾಕಿ ನಿಮ್ಮ ಕೈಯಾಗ ಕೊಡತೇನಿ."

"ಅಷ್ಟೂ ಕಂಡ್ರ, ಮುಂದುವರಸ್ರಿ ಅಂತ ನಾನಾ ಬರೀತೇನಿ," ಅಂದರು. ಡೈರಿಯಲ್ಲಿ ತಾರೀಖು ಗುರುತು ಹಾಕಿದರು.

ಬೇಕೆಂದೇ ಶುಕ್ರವಾರ ಹೇಳಿದ್ದು. ಅವತ್ತು ಸಂತೆಯಿಲ್ಲ, ಯಾರೂ ಮಕ್ಕಳನ್ನು ನಿಲ್ಲಿಸಿಕೊಳ್ಳುವುದಿಲ್ಲ. ಜಾಣೆ ನಾನು.

12 ಡಿಸೆಂಬರ್

ಜಾಣೆಯಂತೆ, ಜಾಣೆ!

ಸುನಿತಾ ಕ್ಯಾಲೆಂಡರ್ ಮುಂದೆ ನಿಂತು, "ಯವ್ವಾ, ಹತ್ತೊಂಬತ್ತಕ್ಕ ಎಳ್ಳ ಅಮಾಸಿ," ಅಂದಳು. ಚರಗ! ಊರಿಗೆ ಊರೇ ಚಕ್ಕಡಿ ಕಟ್ಟಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಚೆಲ್ಲಿ, ಅಲ್ಲೇ ಉಣ್ಣುವ ದಿನ. ಶಾಲೆಯಲ್ಲಿ ನಾಯಿಯೂ ಇರುವುದಿಲ್ಲ.

ನಮ್ಮ ಮನೆಯವರು ಹೊಟ್ಟೆ ಹಿಡಿದು ನಕ್ಕರು. "ಕೀಲಿ ಎಲ್ಲೈತಿ, ಈಗ ಹುಡುಕಿಟ್ಕೋ." ಸಿಟ್ಟು ಬಂತು. ಅಳುವೂ.

13 ಡಿಸೆಂಬರ್

ಹೆಡ್‌ಮಾಸ್ತರ ಈರಬಸಪ್ಪನವರು, "ಬ್ಯಾರೆ ದಿನ ಕೇಳೂಣು ಸವಿತಕ್ಕಾರ," ಅಂದರು. ಕೇಳಿದರೆ ಹೆದರಿದೆವು ಅಂತ ಅರ್ಥ. ಕೇಳುವುದಿಲ್ಲ.

ಶಾಲೆ ನಿಂತ ಎರಡೆಕರೆ ಯಾರದು? ಊರ ಹಿರಿಯ ಕುಬೇರಪ್ಪ ಕಾಕಾನ ಅಪ್ಪ ದಾನ ಕೊಟ್ಟ ಎರೆಹೊಲ. ಹಾಗಾದರೆ ಊರಿನ ಮೊದಲ ಚರಗ ಅಲ್ಲೇ ಆಗಲಿ, ಆಮೇಲೆ ಅವರವರ ಹೊಲಕ್ಕೆ ಹೋಗಲಿ. ಕಾಕಾ ಹೂಂ ಅಂದರೆ ಊರು ಹೂಂ ಅನ್ನುತ್ತದೆ.

ಕಾಕಾ ಒಪ್ಪಲಿಲ್ಲ. "ಚರಗ ಪೀಕಿಗೆ ಚೆಲ್ಲೂದು, ಗ್ವಾಡಿಗಲ್ಲ. ಅಲ್ಲೇನ್ ಪೀಕ ಐತಿ ಬೇ?"

"ಐವತ್ತೆರಡ ಅದಾವ್ರಿ ಕಾಕಾ. ಅದರಾಗ ನಿಮ್ಮ ಮೊಮ್ಮಗಳೂ ಅದಾಳ."

ಎಲೆಯಡಿಕೆ ಜಗಿಯುತ್ತ ಕೂತ.

19 ಡಿಸೆಂಬರ್, ಸಂಜೆ 6

ಕಾಲು ನೋಯುತ್ತಿದೆ. ಆದರೂ ಬರೆಯಲೇಬೇಕು.

ಎಂಟೂವರೆಗೆ ಶಾಲೆ ಮುಂದೆ ನಾವು ಮೂರೇ ಜನ — ನಾನು, ಹೆಡ್‌ಮಾಸ್ತರು, ಬಿಸಿಯೂಟದ ಖಾದರಬಿ. ಒಂಬತ್ತಾಯಿತು... ಯಾರೂ ಇಲ್ಲ. ಹೆಡ್‌ಮಾಸ್ತರರಿಂದ ಇಸಿದುಕೊಂಡ ಶಾಲೆಯ ಕೀಲಿ ನನ್ನ ಸೆರಗಿನ ಗಂಟಲ್ಲಿತ್ತು.

ಒಂಬತ್ತೂವರೆಗೆ ಎತ್ತಿನ ಗೆಜ್ಜೆ ಸಪ್ಪಳ. ಮೊದಲ ಚಕ್ಕಡಿ ಕುಬೇರಪ್ಪ ಕಾಕಾನದು! ಹಿಂದೆ ಹನ್ನೊಂದು, ಮೇಲೆ ಬುತ್ತಿಗಂಟು, ಮಕ್ಕಳು, ಮುದುಕಿಯರು. ಕಾಕಾ ಶಾಲೆಯ ಗೋಡೆ ಸುತ್ತ ಚರಗ ಚೆಲ್ಲುತ್ತ "ಹುಲ್ಲುಲ್ಲಿಗೋ!" ಅಂತ ಚರಗದ ಕೂಗು ಹಾಕಿದ. ಮಕ್ಕಳೆಲ್ಲ ಅವನ ಹಿಂದೆ ಓಡಿ ಕೂಗಿದವು. ಅತ್ತುಬಿಟ್ಟೆ, ನಾಚಿಕೆ ಏನು ಬಂತು.

ಹತ್ತಕ್ಕೆ ಸಾಹೇಬರ ಜೀಪು. ಇಳಿದವರು ಚಕ್ಕಡಿಗಳನ್ನು ನೋಡಿದರು. ಆಮೇಲೆ ನಕ್ಕರು. "ಇವತ್ತ ಅಮಾಸಿ ಅಂತ ನನಗ ಅವತ್ತ ಗೊತ್ತಿತ್ರಿ. ಸಾಲಿ ಖಾಲಿ ಇರತೈತಿ ಅಂತನ ಬಂದೆ."

ನೋಡು ಕಿಲಾಡಿತನ! ಎಣಿಸಿದರು. ಎರಡು ಸಲ. ಐವತ್ತೆರಡು.

ಖಾದರಬಿ ಹೋಳಿಗೆ ತಾಟು ಹಿಡಿದು ನಿಂತಳು, ಕೊಡಲಿಲ್ಲ. "ಮದಲ ಸಹಿ ಮಾಡ್ರಿ ಸಾಹೇಬ್ರ, ಆಮ್ಯಾಲ ಹೋಳಿಗಿ."

ಮಾಡಿದರು. ನಾಲ್ಕು ತಿಂದರು.

29 ಡಿಸೆಂಬರ್

ಫೋನ್ ಮಾಡಿದೆ. ಫೈಲು ಧಾರವಾಡಕ್ಕೆ ಹೋಗಿದೆಯಂತೆ. ಹೋಗಲಿ. ಧಾರವಾಡಕ್ಕೂ ಬಸ್ಸಿದೆ.

7 ಜನವರಿ 2026, ಸಂಜೆ

ಆದೇಶ ಬಂತು!! ಆರು-ಏಳು ಇಲ್ಲೇ. ಅತಿಥಿ ಶಿಕ್ಷಕರಿಬ್ಬರೂ ಇರುತ್ತಾರೆ. ಕೀಲಿಯನ್ನು ಹೆಡ್‌ಮಾಸ್ತರಿಗೆ ವಾಪಸ್ ಕೊಟ್ಟೆ. ಹಗುರಾಯಿತು.

ಆದೇಶವನ್ನು ಪೂರ್ತಿ ಇಲ್ಲಿ ಬರೆದಿಡಬೇಕು. ನಾಳೆ ಯಾರೂ ಇಲ್ಲ ಅನ್ನಬಾರದು.

"ವಿಷಯ: ಆರು ಮತ್ತು ಏಳನೆಯ ತರಗತಿಗಳನ್ನು ಮುಂದುವರಿಸುವ ಕುರಿತು. ಮೇಲ್ಕಂಡ ವಿಷಯಕ್ಕೆ..."

ಸುನಿತಾ ಪೆನ್ನು ಎಳೆಯುತ್ತಿದ್ದಾಳೆ. ಹೋಮ್‌ವರ್ಕ್ ಅಂತೆ. ತಡಿ ಬೇ, ಒಂದೇ ಸಾಲು... ಇಲ್ಲ, ಕೊಡಬೇಕು. ಆರನೆಯ ತರಗತಿಯ ಹೋಮ್‌ವರ್ಕ್ ಅದು —