ಗಯ್ಯಾಳಿಯ ಬ್ರೇಕು

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಮತ್ತೆ ಮೋಟರ್ ಸುಟ್ಟುಹೋಯಿತು. ಈ ಸಲ ಎಡಗಡೆಯದು. ಮನೆಯೆಲ್ಲ ಸುಟ್ಟ ವಾಸನೆ. ಕಿಟಕಿ ತೆಗೆದೆ, ಚಹಾ ಮಾಡಿದೆ, ಕುಡಿಯೋದು ಮರೆತೆ. ಊಟದ ಮೇಜಿನ ತುಂಬ ಸ್ಕ್ರೂ, ವೈರು, ತರಕಾರಿ ಹೆಚ್ಚೋ ಹಲಗೆ, ಅರ್ಧ ಕೊಯ್ದದ್ದು. ರೋಬೋಟಿನ ಮೈಗೆ ಅದೇ ಒಳ್ಳೇದಂತೆ — ಪ್ಲಾಸ್ಟಿಕ್ಕು, ಹಗುರ, ಏಟು ತಿಂದರೂ ಒಡೆಯಲ್ಲ. ಪುಟ್ಟು ಎಲ್ಲೋ ನೋಡಿಕೊಂಡು ಬಂದ.

ಪುಟ್ಟು ಅಂದರೆ ಮಗು ಅಲ್ಲ, ಅರವತ್ತು ದಾಟಿದ ಗಡವ. ನನ್ನ ಹೆಂಡತಿಯ ತಮ್ಮ. ಅವಳು ಹಾಗೆ ಕರೀತಿದ್ದಳು, ಈಗ ಎಲ್ಲರಿಗೂ ಅವನು ಪುಟ್ಟು. ಮದುವೆಯಾಗಲಿಲ್ಲ. ಬಸ್ ಓಡಿಸಿ ರಿಟೈರ್ ಆದ. ನಾನು ಲಿಫ್ಟ್ ಮೆಕ್ಯಾನಿಕ್ ಆಗಿ ರಿಟೈರ್ ಆದೆ. ಇಬ್ಬರು ಮುದುಕರು ಸೇರಿ ಹೊಡೆದಾಡೋ ರೋಬೋಟ್! ಒಂದೂವರೆ ಕಿಲೋ ಮೀರಬಾರದು. ಗಾಜಿನ ಪೆಟ್ಟಿಗೆಯೊಳಗೆ ಎರಡನ್ನ ಬಿಡ್ತಾರೆ. ಯಾವುದು ಅಲ್ಲಾಡದೆ ನಿಲ್ಲತ್ತೋ ಅದು ಸೋತಂತೆ. ಅವಳು ತೀರಿಹೋದ ಮೇಲೆ ನಾನು ಕುರ್ಚಿ ಬಿಟ್ಟು ಏಳ್ತಿಲ್ಲ ಅಂತ ನನ್ನ ಕೇಳದೆಯೇ ಸ್ಪರ್ಧೆಗೆ ಇಬ್ಬರ ಹೆಸರೂ ಕೊಟ್ಟು ಬಂದ.

"ಭಾವ, ಜನ್ಮವೆಲ್ಲ ಮೇಲೆ ಕೆಳಗೆ ನೋಡಿದ್ರಿ. ಸ್ವಲ್ಪ ಅಡ್ಡಡ್ಡ ಓಡೋದೂ ನೋಡಿ."

ರೋಮ್ ವಾಸ್ ನಾಟ್ ಬಿಲ್ಟ್ ಇನ್ ಎ... ವೀಕ್? ಡೇ? ಯಾವುದೋ ಒಂದು. ಕಾಲೇಜಿನ ಎರಡು ವರ್ಷದಲ್ಲಿ ಉಳಿದದ್ದು ಇಷ್ಟೇ. ಸುಸ್ತು.

ಮಾರ್ಚ್ 9, ಭಾನುವಾರ

ಪುಟ್ಟು ಸ್ಕ್ರೂ ಬಿಗೀತಾ ಬಿಗೀತಾ, ತಲೆ ಎತ್ತದೆ ಹೇಳಿದ. ರೂಮು ಖಾಲಿ ಮಾಡಬೇಕಂತೆ, ಮಾಲೀಕರಿಗೇ ಬೇಕಂತೆ. ಅವನ ದೊಡ್ಡಣ್ಣ ತನ್ನ ಊರಿಗೆ ಕರೀತಿದ್ದಾನಂತೆ. ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ.

"ಈ ಆಟ ಒಂದು ಮುಗೀಲಿ ಭಾವ. ಆಮೇಲೆ ಹೊರಡ್ತೀನಿ."

"ಹೂಂ" ಅಂದೆ. ಹಿಂದಿನ ಕೋಣೆ ಖಾಲಿ ಬಿದ್ದಿದೆ. ಅದನ್ನ ಹೇಳಲಿಲ್ಲ. ಯಾಕೆ ಹೇಳಲಿಲ್ಲ... "ಹೂಂ" ಅಂದೆ, ಅಷ್ಟೇ.

ಮಧ್ಯಾಹ್ನ ಮಗಳ ಫೋನು. ಅವಳಿಗೆ ಆಗಲೇ ಗೊತ್ತು.

"ಅಪ್ಪಾ, ಮಾವನಿಗೆ ನಿಮ್ಮ ಜೊತೇಲೇ ಇರು ಅನ್ನಿ."

"ನೀನೇ ಹೇಳು."

"ಮನೆ ಯಾರದ್ದು? ನಾನು ಹೇಳಿದ್ರೆ ಕನಿಕರ ಅಂದ್ಕೋತಾರೆ. ನೀವು ಒಂದು ಮಾತು ಅಂದ್ರೆ ಇರ್ತಾರೆ. ಬಾಯಲ್ಲಿ ಮುತ್ತು ಉದುರಿ ಹೋಗತ್ತಾ?"

ಅಮ್ಮನ ನಾಲಿಗೆ ಹಾಗೇ ಬಂದಿದೆ. ಹೇಳೋದೇನು ಸುಲಭ. ಇರು ಅಂದು, ಅವನು ಬೇಡ ಅಂದುಬಿಟ್ಟರೆ? ನೆಂಟಸ್ತನ ಅವನ ಅಕ್ಕನಿಂದ ಬಂದದ್ದು. ಅಕ್ಕನೇ ಇಲ್ಲದ ಮನೆಯಲ್ಲಿ ತಮ್ಮನಿಗೇನು ಕೆಲಸ. ಅವನು ಬರದಿದ್ದರೆ ನನ್ನ ಬಾಗಿಲು ತಟ್ಟೋರು ಮೀಟರ್ ನೋಡೋಕೆ ಬರೋರು ಮಾತ್ರ.

ಮಾರ್ಚ್ 22, ಶನಿವಾರ

ಚಕ್ರ ಕೂತಿತು. ಮುಂದೆ ಉಕ್ಕಿನ ಪಟ್ಟಿ, ಗರಗರ ತಿರುಗತ್ತೆ. ಅದೇ ಆಯುಧ. ತೂಗಿದರೆ ಒಂದು ಹಿಡಿ ಹೆಚ್ಚು. ಹಲಗೆಗೆ ತೂತು ಕೊರೆದೆ. ನಿಧಾನಕ್ಕೆ ಕೊರೆದೆ. ಬೇಗ ಮುಗಿಯೋದು ನನಗೇ ಬೇಡವಾಗಿದೆ. ಇದು ಮುಗಿದರೆ ಅವನು ಹೊರಡ್ತಾನೆ.

ನಡುಮನೆಯಲ್ಲಿ ಓಡಿಸಿದ. ರಿಮೋಟ್ ಕೈಗೆ ಬಂದರೂ ಬಸ್ಸಿನ ಚಾಳಿ ಬಿಟ್ಟಿಲ್ಲ. ತಿರುವಿನಲ್ಲಿ ಮೈಯೆಲ್ಲ ವಾಲಿಸ್ತಾನೆ. ರಿವರ್ಸ್ ಹಾಕಿದಾಗ ತಾನೇ ಹಿಂದಕ್ಕೆ ತಿರುಗಿ ಗೋಡೆ ನೋಡ್ತಾನೆ.

"ಭಾವ, ಒಂದು ಹಾರನ್ ಇಡೋಕಾಗಲ್ವಾ?"

"ಹಾರನ್ ಹೊಡೆದು ಗುದ್ದೋಕೆ ಹೋಗ್ತೀಯೇನೋ?"

"ಹೇಳದೆ ಕೇಳದೆ ಗುದ್ದೋದು ಮರ್ಯಾದೆ ಅಲ್ಲ."

ನಕ್ಕೆ. ನಕ್ಕರೆ ಪಕ್ಕೆ ನೋಯತ್ತೆ ಈಗೀಗ, ಬಳಕೆ ತಪ್ಪಿದೆ. ಹೆಸರು ಏನಿಡೋದು ಅಂದೆ. "ಗಯ್ಯಾಳಿ" ಅಂದ. ಯಾರನ್ನೂ ಮನಸ್ಸಲ್ಲಿ ಇಟ್ಕೊಂಡಿಲ್ಲ, ಅಂತಲೂ ಅಂದ. ನಾನು ಕೇಳಿರಲೇ ಇಲ್ಲ.

ಏಪ್ರಿಲ್ 6, ಭಾನುವಾರ

ಅವನು ಬರೋ ಮೊದಲೇ ಒಂದು ಕೆಲಸ ಮುಗಿಸಿಟ್ಟೆ. ಒಳಗೆ ಒಂದು ಸಣ್ಣ ಸ್ವಿಚ್ಚು — ಸ್ಪ್ರಿಂಗು, ಅದರ ತುದಿಗೆ ಪುಟ್ಟ ಗುಂಡು. ಜೋರಾಗಿ ಅದುರಿದರೆ ಗುಂಡು ಜಾರತ್ತೆ, ಕರೆಂಟು ಕಟ್. ಮತ್ತೆ ಕೈಯಿಂದ ಒತ್ತಿದರೇ ಶುರು.

ಲಿಫ್ಟಿನಲ್ಲಿ ನಾವು ಕಲಿತದ್ದು ಅದೊಂದೇ. ಅನುಮಾನ ಬಂತೋ, ನಿಲ್ಲು. ಹಗ್ಗ ಸಡಿಲವಾದರೆ ನಿಲ್ಲು, ಬಾಗಿಲು ಕೂದಲೆಳೆಯಷ್ಟು ತೆರೆದಿದ್ದರೂ ನಿಲ್ಲು. ಒಳಗೆ ಸಿಕ್ಕಿಕೊಂಡವರು ಬೈತಾರೆ. ಬೈಯೋಕೆ ಜೀವಂತ ಇರ್ತಾರಲ್ಲ, ಸಾಕು. ಇಷ್ಟು ವೇಗದಲ್ಲಿ ತಿರುಗೋ ಉಕ್ಕನ್ನ ಹಾಗೇ ಬಿಡೋಕೆ ನನ್ನ ಕೈ ಬರಲ್ಲ.

ಪುಟ್ಟುಗೆ ಹೇಳಿದರೆ ಬೇಡ ಅಂತಾನೆ. ಹೇಳಲಿಲ್ಲ. ಸಂಜೆ ದಿಂಬಿಗೆ, ರಟ್ಟಿನ ಡಬ್ಬಕ್ಕೆ ಗುದ್ದಿಸಿ ನೋಡಿದೆವು. ಚೆನ್ನಾಗಿ ಓಡಿತು. ದಿಂಬು ಹೋಯಿತು. ಹತ್ತಿ ಗುಡಿಸಿ ಸಾಕಾಯಿತು.

ಏಪ್ರಿಲ್ 19, ಶನಿವಾರ. ಮಧ್ಯಾಹ್ನ, ಸಭಾಂಗಣದ ಹಿಂದೆ, ಮೆಟ್ಟಿಲ ಮೇಲೆ

ಸೋತೆವು. ಒಂದೇ ಏಟಿಗೆ.

ಎದುರಾಳಿ ಔಷಧಿ ಅಂಗಡಿಯ ಹೆಂಗಸು. ಸೀರಿಯಸ್ ಮುಖ, ಕನ್ನಡಕ. ಅವಳ ರೋಬೋಟು ಇಸ್ತ್ರಿಪೆಟ್ಟಿಗೆಯ ಹಾಗೆ ಚಪ್ಪಟೆ. ಬಂದು ಗುದ್ದಿತು. ದೊಡ್ಡದೇನಲ್ಲ, ಒಂದು ಗೀರು ಬಿತ್ತು ಅಷ್ಟೇ. ಗಯ್ಯಾಳಿ ನಿಂತುಬಿಟ್ಟಳು. ಪುಟ್ಟು ರಿಮೋಟ್ ಒತ್ತಿದ, ಅಲುಗಿಸಿದ, ಬೈದ, ಬೇಡಿಕೊಂಡ. ಸೀಟಿ ಹಿಡಿದಾಕೆ ಹತ್ತರವರೆಗೆ ಎಣಿಸಿದಳು. ನನಗೆ ಒಂದಕ್ಕೇ ಗೊತ್ತಾಗಿತ್ತು.

ಎವೆರಿ ಆಕ್ಷನ್ ಹ್ಯಾಸ್ ಆನ್ ಈಕ್ವಲ್ ಅಂಡ್ ಸಂಥಿಂಗ್ ರಿಯಾಕ್ಷನ್. ಇಲ್ಲಿ ರಿಯಾಕ್ಷನ್ನೇ ಇಲ್ಲ.

ಬಿಚ್ಚಿ ತೋರಿಸಿದೆ. ಇನ್ನೇನು ಮಾಡಲಿ. ಸ್ವಿಚ್ಚು ನೋಡಿದ, ನನ್ನ ನೋಡಿದ.

"ಸ್ಟೀರಿಂಗ್ ನನ್ನ ಕೈಗೆ ಕೊಟ್ಟು ಬ್ರೇಕ್ ನೀನು ಜೇಬಲ್ಲಿ ಇಟ್ಕೊಂಡಿದ್ಯಾ?"

ನೀನು ಅಂದ. ಮದುವೆಯ ದಿನದಿಂದ ಈವರೆಗೆ ಒಂದು ಸಲವೂ ಅಂದಿರಲಿಲ್ಲ.

"ಯಾರಿಗಾದ್ರೂ ಏಟಾದ್ರೆ ಅಂತ—"

"ಸುತ್ತ ಗಾಜಿದೆ! ಏಟು ತಿನ್ನೋಕೇ ಅಲ್ವಾ ಅದು ಹುಟ್ಟಿದ್ದು?"

ಹೊರಗೆ ಹೋದ. ಇನ್ನೊಂದು ಆಟ ಇದೆ, ಅದೂ ಹೋದರೆ ಮನೆಗೆ. ಸ್ವಿಚ್ಚು ಕಿತ್ತೆ. ವೈರು ನೇರವಾಗಿ ಜೋಡಿಸಿದೆ, ಎರಡು ಸಲ ಎಳೆದು ನೋಡಿದೆ.

ಅದೇ ದಿನ, ಸಂಜೆ

ಬಂದ. ಕೈ ಚಾಚಿದ. ಕಿತ್ತ ಸ್ವಿಚ್ಚನ್ನ ಅಂಗೈಗೆ ಹಾಕಿದೆ. ಕಿಟಕಿಯಿಂದ ಎಸೆದ.

ಎರಡನೆಯದು ಡ್ರಾಯಿಂಗ್ ಮೇಷ್ಟ್ರದ್ದು, ಮೇಲೆ ಸುತ್ತಿಗೆ. ಮೊದಲ ಏಟಿಗೇ ನಮ್ಮ ಬಲಗಡೆ ಚಕ್ರ ಹಾರಿ ಗಾಜಿಗೆ ಬಡಿಯಿತು. ಕಣ್ಣು ಮುಚ್ಚಿಕೊಂಡೆ. ಮುಗೀತು ಅಂತಲೇ. ಜನ ಕೂಗಿದ್ದು ಕೇಳಿ ತೆರೆದರೆ — ಒಂದೇ ಚಕ್ರದಲ್ಲಿ ಸುತ್ತುತ್ತಿದ್ದಾಳೆ! ಬೆನ್ನಡಿಯಾದ ಜೀರುಂಡೆಯ ಹಾಗೆ ಗಿರಗಿರ. ಮೇಷ್ಟ್ರ ಸುತ್ತಿಗೆ ತುಂಡು. ಇವಳ ಮೈಯಿಂದ ಹೊಗೆ. ಆದರೂ ಸುತ್ತು. ಪುಟ್ಟು ಇಡೀ ಮೈ ಎಡಕ್ಕೆ ವಾಲಿಸಿ ನನ್ನ ಭುಜದ ಮೇಲೆ ಬಿದ್ದಿದ್ದ. ಟೈಮ್ ಮುಗಿಯೋ ತನಕ ನಿಲ್ಲಲಿಲ್ಲ.

ಮೇಷ್ಟ್ರು ಗೆದ್ದರು ಅಂದರು. ಸರಿಯೇ. ಅವರದು ಎರಡು ಚಕ್ರದಲ್ಲಿ ಓಡ್ತಿತ್ತು.

ಬರೋವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಗಯ್ಯಾಳಿ, ಇನ್ನೂ ಬಿಸಿ. ಡ್ರೈವರ್ ಗುಂಡಿಗೆ ಇಳಿಸಿದಾಗ ಪುಟ್ಟು ಬೈಯಲೂ ಇಲ್ಲ. ಇಳಿಯೋವಾಗ "ಬರ್ತೀನಿ ಭಾವ, ನೀವು ಹುಷಾರು" ಅಂದ. ಆಟ ಮುಗೀತಲ್ಲ.

ಏಪ್ರಿಲ್ 29, ಮಂಗಳವಾರ

ಬಂದಿಲ್ಲ. ಮಗಳು ಹೇಳಿದಳು, ಗುರುವಾರದ ರೈಲಂತೆ. ಮೇಜು ಗುಡಿಸಿದೆ. ಗುಡಿಸಿದ ಮೇಲೆ ಮೇಜು ಬಹಳ ದೊಡ್ಡದು ಅನ್ನಿಸಿತು. ನಾಳೆ ಅವನ ರೂಮಿಗೆ ಹೋಗಬೇಕು. ಬೇಡ ಅಂದರೆ ಅನ್ನಲಿ.

ಏಪ್ರಿಲ್ 30, ಬುಧವಾರ. ಸಂಜೆ

ಬೆಳಿಗ್ಗೆ ಹೋದೆ. ಟ್ರಂಕಿಗೆ ಹಗ್ಗ ಬಿಗೀತಿದ್ದ. ಕೂತ್ಕೊಳ್ಳಿ ಅಂದ, ಕೂರೋಕೆ ಏನೂ ಉಳಿದಿರಲಿಲ್ಲ. ಕನ್ನಡ ಪೂರಾ ಮರೆತುಹೋಯಿತು. ಎಲ್ಲಿತ್ತೋ, ಕಾಲೇಜಿನ ರಜಾ ಅರ್ಜಿ ಬಾಯಿಗೆ ಬಂತು.

"ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್... ಬ್ಯಾಕ್ ರೂಮ್ ಈಸ್ ವೇಕೆಂಟ್... ಕೈಂಡ್ಲಿ ಡು ದಿ ನೀಡ್‌ಫುಲ್."

ಹಗ್ಗ ಬಿಟ್ಟು ನೋಡಿದ. "ಏನ್ ಭಾವ, ರಜಾ ಕೇಳ್ತಿದ್ದೀರಾ?"

"ರಜಾ ಅಲ್ವೋ ಕತ್ತೆ. ಬಂದು ಇರು ಅಂತಿದ್ದೀನಿ."

ಹಗ್ಗದ ತುದಿ ಬೆರಳಿಗೆ ಸುತ್ತಿದ, ಬಿಚ್ಚಿದ.

"ಅಕ್ಕ ಇಲ್ಲ ಅಲ್ಲಿ."

"ನಾನಿದ್ದೀನಲ್ಲ."

ಮತ್ತೆ ಹಗ್ಗ ಎಳೆದ. "ನಿಮ್ಮ ಕೈಯಡುಗೆ ತಿನ್ನೋದಕ್ಕಿಂತ ರೈಲೇ ವಾಸಿ." ಆಯಿತು, ಕೇಳಿದ್ದಾಯಿತು ಅಂತ ಬಾಗಿಲವರೆಗೆ ಬಂದೆ. ಚಪ್ಪಲಿಗೆ ಕಾಲು ತೂರಿಸ್ತಿದ್ದೆ.

"ಅಡುಗೆ ನಾನು ಮಾಡ್ತೀನಿ" ಅಂದ ಹಿಂದಿನಿಂದ. "ಒಪ್ಪಿಗೆ ಇದ್ರೆ ಟ್ರಂಕಿನ ಆ ಕಡೆ ಹಿಡ್ಕೊಳ್ಳಿ."

ಮಧ್ಯಾಹ್ನದಿಂದ ಸಾಮಾನು ಬರ್ತಿದೆ. ಸೊಂಟ ಬಿದ್ದುಹೋಗಿದೆ. ಅವನ ಮಂಚ ಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡಿದೆ, ಅವನು ಒಳಗಡೆ ಉಳಿದಿದ್ದಾನೆ, ಕೂಗ್ತಿದ್ದಾನೆ. ಈ ಕಡೆಯಿಂದ ಸ್ವಲ್ಪ ಎತ್ತಿ ಓರೆ ಮಾಡಿದರೆ —