ಇಪ್ಪತ್ತರಿಂದ ಇಳಿಯದ ವಾಲ್ವು

ಶಿಡ್ಲಘಟ್ಟ
೧೦-೧೦-೨೦೦೩

ಚಿರಂಜೀವಿ ಸೌಭಾಗ್ಯವತಿ ವರಲಕ್ಷ್ಮಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಪುಣೆಯ ಟ್ರೈನಿಂಗು ಹೇಗಿದೆಯಮ್ಮ? ನೆಗಡಿ ಬಿಟ್ಟಿತೇ? ಅಲ್ಲಿ ಮುದ್ದೆ ಸಿಗುವುದಿಲ್ಲವೆಂದು ನಿನ್ನ ಗಂಡ ಚಲಪತಿ ಹೇಳಿದ. ಗೌರಿಬಿದನೂರಿನ ಕಂಪನಿಯವರು ನಮ್ಮ ಸೊಸೆಯನ್ನು ಅಷ್ಟು ದೂರ ಕಳಿಸುವಾಗ ಒಂದು ಮೂಟೆ ರಾಗಿಹಿಟ್ಟನ್ನೂ ಜೊತೆಗೆ ಕಳಿಸಬೇಕಿತ್ತು. ನಾವಿಲ್ಲಿ ಆರೋಗ್ಯ. ಆರೋಗ್ಯ ಕೆಟ್ಟಿರುವುದು ನಿನ್ನ ವಾಲ್ವಿಗೆ ಮಾತ್ರ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾನು ಕೂಗುತ್ತೇನೆಂದು ಚಲಪತಿಯ ದೂರು. ಕಾಗದದಲ್ಲಿ ಕೂಗಲು ಬರುವುದಿಲ್ಲವಾದ್ದರಿಂದ ಇನ್‌ಲ್ಯಾಂಡ್ ಲೆಟರ್ ತರಿಸಿದ್ದೇನೆ.

ರೇಷ್ಮೆಗೂಡು ಬೇಯಿಸುವ ತೊಟ್ಟಿಗೆ ಹಬೆ ಬಿಡುವ ಕೆಲಸ ಇಷ್ಟು ವರ್ಷ ಕೊಂಡಪ್ಪನ ಕೈಯಲ್ಲಿತ್ತು. ನೀರು ಹೆಚ್ಚು ಕಾದರೆ ಚಕ್ರ ತಿರುಗಿಸಿ ಮುಚ್ಚುತ್ತಿದ್ದ, ಆರಿದರೆ ತೆಗೆಯುತ್ತಿದ್ದ, ಬೀಡಿ ಸೇದಲು ಹೋದರೆ ದೇವರೇ ಗತಿ. ನೀನು ಬಂದು ಆ ಚಕ್ರ ತೆಗೆಸಿ ಕರೆಂಟಿನ ವಾಲ್ವು ಹಾಕಿಸಿದೆ, ಗೋಡೆಗೆ ಪೆಟ್ಟಿಗೆ ಕೂರಿಸಿ ಅದಕ್ಕೆ ಬುದ್ಧಿ ಕಲಿಸಿದೆ. ನೀರೊಳಗಿನ ಕಡ್ಡಿ ಬಿಸಿ ಎಷ್ಟೆಂದು ಪೆಟ್ಟಿಗೆಗೆ ಹೇಳುತ್ತದೆ, ಪೆಟ್ಟಿಗೆ ಅದಕ್ಕೆ ತಕ್ಕ ಸಣ್ಣ ಕರೆಂಟನ್ನು ವಾಲ್ವಿಗೆ ಕಳಿಸುತ್ತದೆ. ನಾಲ್ಕು ಮಿಲಿಆಂಪ್ ಬಂದರೆ ವಾಲ್ವು ಪೂರ್ತಿ ಮುಚ್ಚಬೇಕು, ಇಪ್ಪತ್ತು ಬಂದರೆ ಪೂರ್ತಿ ತೆರೆಯಬೇಕು, ನಡುವೆ ಬಂದರೆ ನಡುವೆ ನಿಲ್ಲಬೇಕು. ನಮ್ಮ ಲೆಕ್ಕದಲ್ಲಿ ಏನೂ ಇಲ್ಲ ಅಂದರೆ ಸೊನ್ನೆ. ನಿನ್ನ ಡಿಪ್ಲೊಮಾದಲ್ಲಿ ಏನೂ ಇಲ್ಲ ಅಂದರೆ ನಾಲ್ಕು. ಯಾಕೆಂದು ಕೇಳಿದ್ದಕ್ಕೆ, "ಮಾವಾ, ಸೊನ್ನೆ ಬಂದ್ರೆ ವೈರೇ ಕಿತ್ತೋಗಿದೆ ಅಂತ. ಸುಮ್ನಿರೋದಕ್ಕೂ ಸತ್ತೋಗಿರೋದಕ್ಕೂ ವ್ಯತ್ಯಾಸ ಗೊತ್ತಾಗ್ಬೇಕಲ್ವಾ" ಎಂದೆ. ಅದು ನನಗೆ ತಕ್ಷಣ ಅರ್ಥವಾಯಿತು. ನಿನ್ನ ಅತ್ತೆ ಗಂಗುಲಮ್ಮ ಕೋಪದಲ್ಲಿ ಮಾತು ಬಿಟ್ಟಾಗಲೂ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ನಾಲ್ಕರಷ್ಟು ಇದ್ದೇ ಇರುತ್ತದೆ.

ಆಯುಧಪೂಜೆಯವರೆಗೂ ಪೆಟ್ಟಿಗೆ ಬಂಗಾರದಂಥದ್ದು. ಹಬ್ಬ ಕಳೆದು ಸೋಮವಾರ ಬಾಯ್ಲರ್ ಹಚ್ಚಿದರೆ ಪೆಟ್ಟಿಗೆಯ ಮುಖದ ಮೇಲೆ ಇಪ್ಪತ್ತು. ಮಧ್ಯಾಹ್ನವೂ ಇಪ್ಪತ್ತು. ತೊಟ್ಟಿ ಕೊತಕೊತ ಕುದಿಯುತ್ತಿದ್ದರೂ ಇನ್ನೂ ಹಬೆ ಬಿಡು ಎನ್ನುತ್ತದೆ, ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುವ ಬೀಗರ ಹಾಗೆ. ಗೂಡು ಬೆಂದು ಪಾಯಸವಾಗುತ್ತಿದೆ, ಎಳೆ ಹಿಡಿದರೆ ಹರಿಯುತ್ತದೆ. ಪೂಜೆಯ ದಿನ ಪೆಟ್ಟಿಗೆಯ ನೆತ್ತಿಗೆ ಕುಂಕುಮ ಹಚ್ಚಿ ನಿಂಬೆಹಣ್ಣು ಇಟ್ಟವನು ನಾನೇ. ರಸ ಒಳಗಿಳಿಯಿತೇನೋ ಎಂದು ಒರೆಸಿದೆ. ಇಪ್ಪತ್ತು. ಆಫ್ ಮಾಡಿ ಆನ್ ಮಾಡಿದೆ. ಇಪ್ಪತ್ತು. ಪ್ರೋಗ್ರಾಂ ಕೆಟ್ಟಿದೆ ಎಂದ ಚಲಪತಿ. ಅದೇನು ಹಾಲೇ, ಇಟ್ಟಲ್ಲೇ ಕೆಡಲು? ಕೊಂಡಪ್ಪ ಮಾತ್ರ, "ಪೋನೀ ಬಿಡಿ ಯಜಮಾನ್ರೇ, ನನ್ ಕೈಗೆ ಯಾವ ಮಿಲಿಆಂಪೂ ಬೇಡ" ಎಂದು ಹಳೆಯ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಾನೆ.

ಹೀಗಾಗಿ ನಾಳೆ ಬೆಳಿಗ್ಗೆ ನಿನ್ನ ವಾಲ್ವು ಬಿಚ್ಚಿಸಿ ಚಕ್ರ ಹಾಕಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡ ತಾಯಿ. ನೂಲು ತೆಗೆಯುವ ಬೀದಿಯ ರೀಲರ್‌ಗಳೆಲ್ಲ ನೋಡಲು ಬಂದಾಗ, ನಮ್ಮ ಸೊಸೆ ಮಾಡಿದ್ದು ಎಂದು ಎದೆಯುಬ್ಬಿಸಿ ತೋರಿಸಿದವನೂ ನಾನೇ. ಬಿಚ್ಚಿಸುತ್ತೇನೆ ಎಂದಾಗಿನಿಂದ ನಿನ್ನ ಅತ್ತೆ ಪಾತ್ರೆಯ ಸದ್ದನ್ನೂ ನಿಲ್ಲಿಸಿದ್ದಾಳೆ. ಪೂರ್ತಿ ಸೊನ್ನೆ. ಎಲ್ಲಿ ಯಾವ ವೈರು ಕಿತ್ತಿದೆಯೋ ತಿಳಿಯದೆ ತಲೆ ಕೆಟ್ಟಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನೂ, ಸಾಧ್ಯವಾದರೆ ನನ್ನನ್ನೂ ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಮಾವ,
ಮುನಿವೆಂಕಟಪ್ಪ

ಮರೆತದ್ದಲ್ಲ, ಈಗ ಆದದ್ದು: ಜಾಗವಿಲ್ಲದೆ ಅಂಟಿಸುವ ಮಡಿಕೆಯ ಮೇಲೆ ಬರೆಯುತ್ತಿದ್ದೇನೆ. ನಿನ್ನ ಅತ್ತೆ ಬಾಯಿ ಬಿಟ್ಟಳು, ಸೊನ್ನೆಯಿಂದ ನೇರ ಇಪ್ಪತ್ತಕ್ಕೆ. "ಅದನ್ನ ಬಿಚ್ಚಿಸ್ತೀರಾ? ಹುಡುಗಿ ಹಬ್ಬಕ್ಕೆ ಬರ್ಲಿಲ್ಲ, ಅವಳ ಆಯುಧಕ್ಕಾದ್ರೂ ಪೂಜೆ ಆಗ್ಲಿ ಅಂತ ಆ ಕಡ್ಡೀನ ತೊಳೆದು ದೇವರ ಮುಂದೆ ಇಟ್ಟಿದ್ದೀನಿ ನಾನು." ಓಡಿಹೋಗಿ ನೋಡಿದೆ. ಶೆಡ್ಡಿನ ದೇವರ ಪಟದ ಮುಂದೆ, ಹಬ್ಬದ ಹೂವಿನ ರಾಶಿಯಡಿ, ವೈರಿನ ಸಮೇತ, ಅರಿಶಿನ ಬಳಿದುಕೊಂಡು ತಣ್ಣಗೆ ಕೂತಿದೆ. ನಾವೆಲ್ಲ ಪೆಟ್ಟಿಗೆಯನ್ನೇ ಬೈದೆವು, ಒಬ್ಬರೂ ತೊಟ್ಟಿಯ ಹಿಂದೆ, ಕಡ್ಡಿ ಇಳಿಯುವ ಕಡೆ, ಬಗ್ಗಿ ನೋಡಿರಲಿಲ್ಲ. ನಿನ್ನ ಪೆಟ್ಟಿಗೆ ಪಾಪ, ಕಡ್ಡಿ ತಣ್ಣಗಿದೆಯೆಂದು ಇಷ್ಟು ದಿನ ದೇವರನ್ನು ಬೇಯಿಸಲು ನೋಡುತ್ತಿತ್ತು. ಕಡ್ಡಿಯನ್ನು ನೀರಿಗೆ ಇಳಿಸಿದೆ. ಇಪ್ಪತ್ತು ಹದಿನೈದಾಯಿತು, ಒಂಬತ್ತಾಯಿತು. ಕೊಂಡಪ್ಪನಿಗೆ ಎಣ್ಣೆ ಬಿಡುವುದನ್ನು ನಿಲ್ಲಿಸಲು ಹೇಳಿದ್ದೇನೆ. ನಿನ್ನ ಅತ್ತೆ ಮಾತ್ರ ಇನ್ನೂ ಇಪ್ಪತ್ತರಲ್ಲೇ ಇದ್ದಾಳೆ. ಅದು ನನ್ನಿಂದ ಇಳಿಯುವುದಿಲ್ಲ, ನೀನು ಬೇಗ ಬಾ.