ನಂಬರ್ ಪ್ಲೇಟಿನ ಮಾಲೆ

ಹ್ಯಾರೋ,
೧೯ ನವೆಂಬರ್ ೨೦೨೪

ಪ್ರೀತಿಯ ಅಮರ,

ಹೇಗಿದ್ದೀಯಪ್ಪಾ? ಲೀಡ್ಸ್‌ನಲ್ಲಿ ಚಳಿ ಜೋರಾಗಿದೆ ಎಂದು ನಿನ್ನ ತಂಗಿ ಸ್ಫೂರ್ತಿ ಹೇಳಿದಳು. ಮೊಣಕಾಲು ನೋವು ಹೆಚ್ಚಾಗಿದೆಯೇ? ಜಿಪಿ ಡಾಕ್ಟರು ಕೊಟ್ಟ ಮಾತ್ರೆಯನ್ನು ಊಟವಾದ ಮೇಲೆಯೇ ತೆಗೆದುಕೋ, ಖಾಲಿ ಹೊಟ್ಟೆಗೆ ನಿನಗಾಗುವುದಿಲ್ಲ. ಶೇಂಗಾ ಚಟ್ನಿ ತಲುಪಿರಬೇಕು. ನಾನು ಆರಾಮವಾಗಿದ್ದೇನೆ. ನಿನ್ನ ಅಪ್ಪ ಹಾಗಿಲ್ಲ. ರೋಗವೇನೂ ಇಲ್ಲ. ಆರು ಭಾನುವಾರಗಳಿಂದ ಹನ್ನೊಂದು ಗಂಟೆಗೆ ನಿನಗೆ ಫೋನ್ ಹಚ್ಚುತ್ತಾರೆ. ನೀನು ಎತ್ತುವುದಿಲ್ಲ. "ಕೆಲಸದಾಗ ಇರ್ತಾನ" ಎಂದು ನನಗೇ ಸಮಾಧಾನ ಹೇಳಿ, ಕನ್ನಡಕ ಒರೆಸುತ್ತ ಕೂಡುತ್ತಾರೆ.

ಕಾರಿನ ಆ ನಂಬರ್ ಪ್ಲೇಟಿನ ವಿಷಯ ಬರೆಯಲೇಬೇಕು. ಅಮೆರಿಕದಲ್ಲಿ ಪದಕ ಪಡೆದ ಸೈನಿಕರ ಕಾರಿಗೆ ಸರ್ಕಾರವೇ ವಿಶೇಷ ನಂಬರ್ ಪ್ಲೇಟ್ ಕೊಡುತ್ತದೆಂದು ಟೆಕ್ಸಾಸಿನ ಉಮಾಶಂಕರ ಮಾಮಾ ಹೇಳಿದ್ದು ಅಪ್ಪನ ತಲೆಯಲ್ಲಿ ಕುಳಿತಿತ್ತು. ಇಲ್ಲಿ ಅಂಥದ್ದಿಲ್ಲ, ಬೇಕಾದ ಅಕ್ಷರಗಳಿರುವ ನಂಬರನ್ನು ನಾವೇ ಹುಡುಕಿ ಕೊಳ್ಳಬೇಕು. ಒಂದು ವರ್ಷ ಹುಡುಕಿದರು. ಎ ೧೦ ಎನ್‌ಎಂಸಿ. ಎ ಎಂದರೆ ನೀನು. ಹತ್ತು, ನೀನು ಸೈನಿಕನಾಗಿ ಅಫ್ಘಾನಿಸ್ತಾನದಲ್ಲಿದ್ದ ೨೦೧೦ನೇ ವರ್ಷ. ಎಂಸಿ, ನಿನ್ನ ಮಿಲಿಟರಿ ಕ್ರಾಸ್ ಪದಕ. ನಡುವಿನ ಎನ್, ನಿನ್ನ ಅಪ್ಪ ನಿಜಲಿಂಗಪ್ಪ. "ನನ್ನ ಅಕ್ಷರ ತಾನ ಬಂದು ಕುಂತದ, ನಾ ಕರದಿಲ್ಲ" ಎಂದು ಬಂದವರಿಗೆಲ್ಲ ನಾಚಿಕೊಂಡು ಹೇಳುತ್ತಿದ್ದರು.

ದಸರೆಯ ಖಂಡೆಪೂಜೆಯ ದಿನ ನೀನು ಬರುವಷ್ಟರಲ್ಲಿ ಕಾರು ಮನೆಯ ಮುಂದೆ ಸಿದ್ಧವಾಗಿತ್ತು. ಗಾಲಿಯ ಕೆಳಗೆ ಲಿಂಬೆಹಣ್ಣು, ಪ್ಲೇಟಿನ ನಡುವೆ ಕುಂಕುಮ, ಸುತ್ತ ರೇನರ್ಸ್ ಲೇನ್‌ನಿಂದ ತಂದ ಚೆಂಡುಹೂವಿನ ಮಾಲೆ, ಎದುರಿಗೆ ಊದಿನಕಡ್ಡಿ. ಪಡಸಾಲೆಯಲ್ಲಿರುವ ಅಜ್ಜನ ಫೋಟೋದ ಹಾಗೆಯೇ ಇತ್ತು ಅದು. ಈಗ ನನಗೂ ಕಾಣುತ್ತದೆ. "ಐ ಆ್ಯಮ್ ನಾಟ್ ಡೆಡ್, ಡ್ಯಾಡ್. ಡ್ಯಾನಿ ಈಸ್" ಎಂದೆ ನೀನು. ಗುಂಡಿನ ನಡುವೆ ನೀನು ಹೊತ್ತು ತಂದ ಗೆಳೆಯ ಡ್ಯಾನಿ ಹೆಲಿಕಾಪ್ಟರ್ ಬರುವ ಮೊದಲೇ ಹೋದದ್ದು ನಮಗೆ ಗೊತ್ತಿತ್ತು. ಅದಕ್ಕಾಗಿ ಕೊಟ್ಟ ಪದಕವನ್ನು ನೀನು ಒಂದು ದಿನವೂ ಧರಿಸದಿದ್ದದ್ದೂ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಬೀದಿಗೆ ತೋರಿಸಲು ಹೊರಟೆವು.

"ಮಾಲಿ ಯಾರು ಹಾಕಿದ್ದು?" ಎಂದು ನೀನು ಕೇಳಿದೆ. "ನಾ ಹಾಕೀನಿ" ಎಂದರು ಅಪ್ಪ. ನೀನು ಒಳಗೂ ಬರದೆ ಟ್ಯೂಬ್ ರೈಲಿನ ಸ್ಟೇಷನ್ನಿನ ಕಡೆ ನಡೆದುಬಿಟ್ಟೆ.

ಕಾರಿಗೆ ಹಳೆಯ ನಂಬರೇ ವಾಪಸ್ ಬಂದಿದೆ. ಬಿಚ್ಚಿದ ಪ್ಲೇಟನ್ನು ಎಸೆಯಲೂ ಆಗದೆ, ಎದುರಿಗೆ ಇಡಲೂ ಆಗದೆ, ಅಪ್ಪ ಟವೆಲ್ಲಿನಲ್ಲಿ ಸುತ್ತಿ ಅಲಮಾರಿನ ಮೇಲಿಟ್ಟಿದ್ದಾರೆ.

ಮಲ್ಲಯ್ಯ ನಿನ್ನನ್ನು ಕಾಯಲಿ. ಡ್ಯಾನಿಯ ತಾಯಿಗೆ ಬರೆಯುವಾಗ ನಾನು ಕೇಳಿದೆನೆಂದು ತಿಳಿಸು.

ನಿನ್ನ ಅವ್ವ,
ಕಾಶವ್ವ

ತಾ.ಕ.: ಮಾಲೆ ಹಾಕಿದ್ದು ನಾನು. ಅಪ್ಪ ಆಗ ಒಳಗೆ ತೆಂಗಿನಕಾಯಿ ಸುಲಿಯುತ್ತಿದ್ದರು. ನೀನು ಅಫ್ಘಾನಿಸ್ತಾನದಲ್ಲಿದ್ದ ಏಳು ತಿಂಗಳು ನಿನ್ನ ಫೋಟೋಗೆ ಮಾಲೆ ಬಿದ್ದದ್ದನ್ನು ದಿನಾ ಮನಸ್ಸಿನಲ್ಲಿ ಕಂಡವಳು ನಾನು. ಅವತ್ತು ಕೈ ತಾನಾಗಿ ಕಟ್ಟಿತು. ಅಪ್ಪ ನನ್ನ ಮುಖ ನೋಡಿ ತಮ್ಮ ಮೇಲೆ ಹಾಕಿಕೊಂಡರು, ನಾನು ಸುಮ್ಮನಿದ್ದುಬಿಟ್ಟೆ. ಈ ಭಾನುವಾರ ಅವರ ಫೋನ್ ಎತ್ತು. ನನ್ನ ಜೊತೆ ಮಾತಾಡದಿದ್ದರೂ ನಡೆಯುತ್ತದೆ.